ನಡೀತಿದ್ರೆ ಹಾಡು ತಾನೇ ನಿಲ್ಲುತ್ತೆ, ಕೂತ್ರೆ ಸರಿ ಇರುತ್ತೆ. ಸಾಕಾಗಿ ಹೋಗಿದೆ

ಗುಂಡಿಸರ್ಕಲ್_72 · ಭಾನುವಾರ ರಾತ್ರಿ 9:40

ಹೋದ ವರ್ಷ ಎಂಟು ಜನ ಸೇರಿ ಒಟ್ಟಿಗೆ ತರಿಸಿದ್ವಲ್ಲ, ಆ ಕಪ್ಪು ಪ್ಲೇಯರ್. ನಂದು ಮೂರು ವಾರದಿಂದ ಹುಚ್ಚಾಟ ಆಡ್ತಾ ಐತೆ. ಹಾಡು ಚೆನ್ನಾಗಿ ಬರ್ತಿರುತ್ತೆ, ಇದ್ದಕ್ಕಿದ್ದಂಗೆ ನಿಂತುಬಿಡುತ್ತೆ. ಪ್ಲೇ ಒತ್ತಿದ್ರೆ ನಿಂತ ಜಾಗದಿಂದಲೇ ಶುರು. ಹತ್ತು ಹೆಜ್ಜೆ ಹಾಕೋದ್ರೊಳಗೆ ಮತ್ತೆ ಗಪ್‌ಚುಪ್. ಬೆಳಗ್ಗೆ ಗಾಜಿನ ಮನೆ ಕಡೆ ವಾಕಿಂಗ್ ಹೋಗ್ತೀನಿ, ಒಂದು ಸುತ್ತಿಗೆ ನಾಲ್ಕು ಸಲ ಜೇಬಿಗೆ ಕೈ ಹಾಕಬೇಕು. ಎಲ್ಲಾ ಮಾಡಿ ನೋಡಿದೆ. ರೀಸೆಟ್ ಆಯ್ತು, ಅಪ್‌ಡೇಟ್ ಆಯ್ತು, ಜಪ್ಪಯ್ಯ ಅಂದ್ರೂ ಸರಿ ಹೋಗ್ತಿಲ್ಲ. ಅಂಗಡೀಲಿ ಇಡೀ ದಿನ ಮಷೀನ್ ಸದ್ದು ಅಂತಲೇ ಇದನ್ನ ತಗೊಂಡಿದ್ದು. ಕೊಟ್ಟ ದುಡ್ಡು ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತು.

ಹರಿಹರದ_ಸೇತುವೆ · 9:52

ಹೋಲ್ಡ್ ಹಾಕಿದೀರೇನ್ರಿ? ಇದರ ಬಟನ್ ಮೈಗೆ ಸಮ ಕೂತಾವೆ, ಬೆರಳಿಗೆ ಗೊತ್ತೇ ಆಗಲ್ಲ, ಜೇಬಲ್ಲಿ ಬೀಗದಕೈ ತಾಗಿದ್ರೂ ಒತ್ತಿಕೊಳ್ತಾವೆ. ನನ್ನ ಕೇಳಿದ್ರೆ ಈ ಪ್ಲೇಯರಿನ ದೊಡ್ಡ ಕೊರತೆ ಅದೇ. ಎರಡನೇದು ಪರದೆ. ನಮ್ಮೂರ ಬಿಸಿಲಲ್ಲಿ ಅದು ಸ್ಲೇಟು, ಏನೂ ಕಾಣಲ್ಲ. ಸದ್ದು ಮಾತ್ರ ಎತ್ತಿದ ಕೈ, ಅದಕ್ಕೇ ಇನ್ನೂ ಇಟ್ಕೊಂಡಿದೀನಿ.

ಗುಂಡಿಸರ್ಕಲ್_72 · 9:58

ಹೋಲ್ಡ್ ಹಾಕದೆ ಯಾರಾದ್ರೂ ಜೇಬಿಗೆ ಇಡ್ತಾರೇನ್ರಿ? ಹಾಕೇ ಇರ್ತೀನಿ.

ಸೋಲ್ಡರ್_ಹೊಗೆ · 10:15

ಕಾರ್ಡ್. ಕಣ್ಣು ಮುಚ್ಕೊಂಡು ಹೇಳ್ತೀನಿ, ಕಾರ್ಡ್. ಎಷ್ಟು ಜಿಬಿ, ಎಲ್ಲಿ ತಗೊಂಡ್ರಿ, ಎಷ್ಟು ಕೊಟ್ರಿ?

ಗುಂಡಿಸರ್ಕಲ್_72 · 10:31

128. ಮೊಬೈಲ್ ಅಂಗಡೀಲಿ. ರೇಟು ನೆನಪಿಲ್ಲ, ಕಮ್ಮಿಗೇ ಕೊಟ್ಟ. ನೀವು ಕೇಳಿದ್ರಿ ಅಂತ ಈಗ ಕಂಪ್ಯೂಟರಿಗೆ ಹಾಕಿ ನೋಡಿದೆ, 119 ತೋರಿಸ್ತಾ ಐತೆ. ಉಳಿದ ಒಂಬತ್ತು ಜಿಬಿ ಎಲ್ಲಿ? ನಾಳೆ ಹೋಗಿ ಕೇಳ್ತೀನಿ ಅವನ್ನ.

ಸೋಲ್ಡರ್_ಹೊಗೆ · 10:44

ಅಣ್ಣ, ಸುಮ್ನೆ ಜಗಳಕ್ಕೆ ಹೋಗಬೇಡಿ. ಆ ಒಂಬತ್ತನ್ನ ಯಾರೂ ತಿಂದಿಲ್ಲ. ಕಾರ್ಡ್ ಮಾಡೋರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 128 ಅಂದ್ರೆ ಅಲ್ಲಿ 119 ಬರಲೇಬೇಕು. ಆದ್ರೆ ಡೂಪ್ಲಿಕೇಟ್ ಕಾರ್ಡೂ 119 ಅಂತಲೇ ಬೊಗಳುತ್ತೆ, ಮಜಾ ಇರೋದು ಅಲ್ಲಿ. ಒಳಗಿರೋದು 16 ಇರಬಹುದು. 16 ತುಂಬಿದ ಮೇಲೆ ಹಾಕಿದ್ದೆಲ್ಲ ಗಾಳಿಗೆ. ಎಚ್2ಟೆಸ್ಟ್‌ಡಬ್ಲ್ಯೂ ಅಂತ ಪುಟ್ಟ ಪ್ರೋಗ್ರಾಂ ಐತೆ. ಹಾಡುಗಳನ್ನ ಬೇರೆ ಕಡೆ ಕಾಪಿ ಮಾಡಿ, ಕಾರ್ಡ್ ಖಾಲಿ ಮಾಡಿ ಓಡಿಸಿ. ತುದಿಯಿಂದ ತುದಿವರೆಗೂ ಬರೆದು, ವಾಪಸ್ ಓದಿ ತಾಳೆ ನೋಡುತ್ತೆ. ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಹಾಕಿ ಮಲಗಿಬಿಡಿ.

ಕೋಟೆ_ಕಾವಲು · ಸೋಮವಾರ ಬೆಳಗ್ಗೆ 7:20

ಅಷ್ಟೆಲ್ಲ ಯಾಕೆ. ಫಾರ್ಮ್ಯಾಟ್ ಏನೈತೆ ನೋಡಿ. 32 ಜಿಬಿಗಿಂತ ದೊಡ್ಡ ಕಾರ್ಡ್ ಎಕ್ಸ್‌ಫ್ಯಾಟ್‌ನಲ್ಲಿ ಬರ್ತಾವೆ. ಫ್ಯಾಟ್32 ಮಾಡಿದ ಮೇಲೆ ನಂದು ಸರಿ ಹೋಯ್ತು.

ಸೋಲ್ಡರ್_ಹೊಗೆ · 7:41

ಫಾರ್ಮ್ಯಾಟ್ ಒಗ್ಗದಿದ್ರೆ ಕಾರ್ಡೇ ಕಾಣಲ್ಲ ಕಣಣ್ಣ. ಹಾಡು ಅರ್ಧಕ್ಕೆ ನಿಂತು ಮತ್ತೆ ಹಾಡಲ್ಲ. ನೀವು ದುರ್ಗದವರಿಗೆ ಜ್ವರಕ್ಕೂ ಫಾರ್ಮ್ಯಾಟೇ, ಕೆಮ್ಮಿಗೂ ಫಾರ್ಮ್ಯಾಟೇ.

ಕೋಟೆ_ಕಾವಲು · 7:48

1997ರ ತನಕ ನೀವೂ ದುರ್ಗ ಜಿಲ್ಲೆಯೋರೇ ಸ್ವಾಮಿ. ದಾವಣಗೆರೆ ಜಿಲ್ಲೆ ಅಂತ ಪಾಲು ತಗೊಂಡು ಹೋದ್ಮೇಲೆ ಮನೆ ಮರೆತ್ರೆ ಹೆಂಗೆ.

ಬಿ_ಸೈಡ್ · 8:30

ಕಾರ್ಡಲ್ಲಿ ಇರೋದೇನು ಅಂತ ಒಬ್ಬರೂ ಕೇಳಿಲ್ಲವಲ್ಲ. ಎಂಪಿ3ನಾ, ಫ್ಲ್ಯಾಕಾ, ಎಷ್ಟು ಬಿಟ್ಟು? ಫೈಲ್ ದೊಡ್ಡದಾದ್ರೆ ಈ ಪ್ಲೇಯರ್ ಏದುಸಿರು ಬಿಡುತ್ತೆ, ನನ್ನ ಹತ್ರ ಇರೋದೂ ಅದೇ.

ಗುಂಡಿಸರ್ಕಲ್_72 · ಮಧ್ಯಾಹ್ನ 2:10

ಅಪ್ಪನ ಕ್ಯಾಸೆಟ್‌ಗಳು ಸರ್. ಕಂಪನಿ ನಾಟಕದ ಹುಚ್ಚು ಅವರಿಗೆ. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಎಲ್ಲಿ ಕ್ಯಾಂಪ್ ಹಾಕಿದ್ರೂ ಹೋಗೋರು. ಮುಂದಿನ ಸಾಲಲ್ಲಿ ಟೇಪ್‌ರೆಕಾರ್ಡರ್ ತೊಡೆ ಮೇಲಿಟ್ಕೊಂಡು, ಮಾತು ಬಂದಾಗ ನಿಲ್ಲಿಸಿ, ಹಾಡು ಬಂದಾಗ ಎರಡು ಬಟನ್ ಒಟ್ಟಿಗೆ ಒತ್ತೋರು. ಆ ಟಕ್ ಟಕ್ ಸದ್ದೂ ಕ್ಯಾಸೆಟ್ಟಲ್ಲಿ ಐತೆ. 90 ನಿಮಿಷದವು 31 ಅದಾವೆ. ಅಕ್ಕನ ಮಗ ಕಂಪ್ಯೂಟರಿಗೆ ಇಳಿಸಿಕೊಟ್ಟ, 24 ಬಿಟ್ 96 ಅಂದ, ಒಂದೊಂದು ಕ್ಯಾಸೆಟ್ ಮೂರು ಜಿಬಿ ಮೇಲೆ. ಹೆಸರೆಲ್ಲ ಕನ್ನಡದಲ್ಲಿ ಹಾಕಿದಾನೆ, ಪ್ಲೇಯರಲ್ಲಿ ಬರೀ ಡಬ್ಬಿ ಡಬ್ಬಿ ಕಾಣ್ತಾವೆ, ಅದು ಆಮೇಲೆ ಕೇಳ್ತೀನಿ.

ಬಿ_ಸೈಡ್ · 2:35

ಕ್ಯಾಸೆಟ್ಟಿಗೆ 24 ಬಿಟ್ 96 ಕಿಲೋಹರ್ಟ್ಸ್! ಸೆಕೆಂಡಿಗೆ ಐದು ಸೆಂಟಿಮೀಟರೂ ಓಡದ ಟೇಪು ಅದು, 4.76. ಡೇರೆಯೊಳಗೆ, ಜನರೇಟರ್ ಪಕ್ಕ, ಯಾರೋ ಕೆಮ್ತಿರೋವಾಗ ರೆಕಾರ್ಡ್ ಆಗಿದ್ದು. ಸೀಡಿ ಲೆಕ್ಕ, ಅಂದ್ರೆ 16 ಬಿಟ್ 44.1, ಧಾರಾಳ ಸಾಕು. 90 ನಿಮಿಷಕ್ಕೆ 950 ಎಂಬಿ ಆಗುತ್ತೆ. ಉಳಿದ ಎರಡು ಜಿಬಿಯಲ್ಲಿ ನೀವು ಇಟ್ಟಿರೋದು ಜನರೇಟರ್ ಸದ್ದು.

ಸೋಲ್ಡರ್_ಹೊಗೆ · 2:50

ಹುಡುಗ ಮಾಡಿದ್ದು ಸರಿಯಾಗೇ ಐತೆ. ಮುಂದೆ ಯಾರಾದ್ರೂ ಕುಂತು ಆ ಹಿಸ್ಸ್ ಅನ್ನೋದನ್ನ ತೆಗೀಬೇಕು ಅಂದ್ರೆ 24 ಬಿಟ್ ಇರಲಿ. ಕ್ಯಾಸೆಟ್ ಇನ್ನೊಂದ್ಸಲ ಓಡಿಸೋಕೆ ಆಗುತ್ತೋ ಇಲ್ವೋ. ಮೂಲ ಪ್ರತಿ ಮನೇಲಿ ಹಾರ್ಡ್‌ಡಿಸ್ಕಲ್ಲಿ ಇಡಿ, ಜೇಬಿಗೆ ಎಂಪಿ3 ಸಾಕು.

ಬಿ_ಸೈಡ್ · 2:58

ಜೇಬಿಗೆ ಎಂಪಿ3 ಸಾಕು ಅಂತ ಹೇಳೋರು ಒಟ್ಟಿಗೆ ತರಿಸುವಾಗ ಅದರ ಚಿಪ್ಪಿನ ಬಗ್ಗೆ ಎರಡು ಪುಟ ಯಾಕೆ ಬರೆದ್ರಿ? ಫೋನೇ ಸಾಕಿತ್ತಲ್ಲ.

ಸೋಲ್ಡರ್_ಹೊಗೆ · 3:05

ಫೋನಲ್ಲಿ ಹಾಡಿನ ಮಧ್ಯೆ ಲೋನ್ ಬೇಕಾ ಅಂತ ಫೋನ್ ಬರುತ್ತೆ, ಅದಕ್ಕೆ.

ಹರಿಹರದ_ಸೇತುವೆ · 4:40

ನಿಮ್ಮಿಬ್ಬರ ಜಗಳದಲ್ಲಿ ಆ ಯಪ್ಪನ ಹಾಡು ಇನ್ನೂ ನಿಂತೇ ಐತೆ.

ಗುಂಡಿಸರ್ಕಲ್_72 · ಮಂಗಳವಾರ ಬೆಳಗ್ಗೆ 6:55

ರಾತ್ರಿ ಟೆಸ್ಟ್ ಹಾಕಿ ಮಲಗಿದ್ದೆ. ಪೂರ್ತಿ ಮುಗಿದೈತೆ, ಒಂದು ತಪ್ಪೂ ಇಲ್ಲ. ಕಾರ್ಡ್ ಅಸಲಿ. ಹಾಡು ವಾಪಸ್ ಹಾಕಿಕೊಂಡು ಈಗ ವಾಕಿಂಗ್ ಹೋಗಿ ಬಂದೆ. ಆರು ಸಲ ನಿಂತಿತು.

ಸೋಲ್ಡರ್_ಹೊಗೆ · 8:12

ಹಂಗಾದ್ರೆ ಕಾರ್ಡ್ ಅಲ್ಲ, ಕಾರ್ಡ್ ಕೂರೋ ಸ್ಲಾಟು. ನಡೆದಾಗ ಅಲ್ಲಾಡುತ್ತೆ, ಸಂಪರ್ಕ ತಪ್ಪುತ್ತೆ. ಕೂತಾಗ ಸರಿ ಇರೋದು ಅದಕ್ಕೇ. ನಾನು ಹೇಳಿದ್ದು ಅರ್ಧ ಸರಿಯಾಯ್ತು ನೋಡಿ. ಕಾರ್ಡಿನ ಹಿಂದೆ ಒಂದು ಪದರ ಪೇಪರ್ ಇಟ್ಟು ಬಿಗಿ ಮಾಡಿ.

ಗುಂಡಿಸರ್ಕಲ್_72 · ರಾತ್ರಿ 8:47

ಬಸ್ ಟಿಕೆಟ್ ಕತ್ತರಿಸಿ ಇಟ್ಟೆ. ಬಿಗಿ ಆಯ್ತು, ಎಷ್ಟು ಅಂದ್ರೆ ಕಾರ್ಡ್ ಈಚೆಗೇ ಬರಲಿಲ್ಲ. ನಮ್ಮನೆಯವಳ ಹುಬ್ಬಿನ ಚಿಮಟದಲ್ಲಿ ಅರ್ಧ ಗಂಟೆ ಎಳೆದೆ. ಟಿಕೆಟ್ ಇನ್ನೂ ಒಳಗೇ ಐತೆ ಅನ್ಸುತ್ತೆ. ಹಾಡು ನಿಲ್ಲೋದು ನಿಂತಿಲ್ಲ. ಬೈಗುಳ ಮಾತ್ರ ಸಿಕ್ತು.

ಸೋಲ್ಡರ್_ಹೊಗೆ · 9:02

ಬಸ್ ಟಿಕೆಟ್ ದಪ್ಪ ಆಯ್ತು. ತೆಳು ಪೇಪರ್ ಅಂದಿದ್ದೆ.

ಗುಂಡಿಸರ್ಕಲ್_72 · 9:04

ತೆಳು ಅಂತ ಎಲ್ಲಿ ಬರೆದಿದೀರಿ? ಮೇಲೆ ಓದಿ ನೋಡ್ರಿ.

ಕೋಟೆ_ಕಾವಲು · 9:30

ಅದಕ್ಕೇ ನಾನು ಹಳೇ ಐಪಾಡ್ ಕ್ಲಾಸಿಕ್ ಬಿಟ್ಟಿಲ್ಲ. 2014ರಲ್ಲಿ ಮಾಡೋದು ನಿಲ್ಲಿಸಿದ್ರು, 2022ರಲ್ಲಿ ಐಪಾಡ್ ಅನ್ನೋ ವಂಶವೇ ಮುಗೀತು. ನಂದು ಮಾತ್ರ ದಿನಾ ಓಡ್ತಾ ಐತೆ. ಒಳಗಿದ್ದ ಗಿರಗಿರ ತಿರುಗೋ ಡಿಸ್ಕ್ ತೆಗೆದು, ಎಸ್‌ಪಿ ರೋಡಲ್ಲಿ ಹುಡುಕಿ ತಂದ ಅಡಾಪ್ಟರಿಗೆ 256 ಜಿಬಿ ಕಾರ್ಡ್ ಹಾಕಿದೀನಿ, ಹೊಸ ಬ್ಯಾಟರಿ ಹಾಕಿದೀನಿ. ಡಿಸ್ಕ್ ಹೋದ್ಮೇಲೆ ಕೈಗೆ ಹಗುರ, ಜೋಗಿಮಟ್ಟಿ ಹತ್ತಿ ಇಳಿದ್ರೂ ಒಂದು ಹಾಡು ತಪ್ಪಲ್ಲ. ಆ ಚಕ್ರದ ಮೇಲೆ ಹೆಬ್ಬೆರಳು ಸವರಿ ಸಾವಿರ ಹಾಡು ದಾಟೋ ಸುಖ ನಿಮ್ಮ ಕಪ್ಪು ಡಬ್ಬಿಯಲ್ಲಿ ಇಲ್ಲ. ಫೋಟೋ ನಾಳೆ ಹಾಕ್ತೀನಿ.

ಹರಿಹರದ_ಸೇತುವೆ · 9:41

ಮೂರು ವರ್ಷದಿಂದ ಆ ಫೋಟೋ ನಾಳೆಯೇ ಬರ್ತಾ ಐತೆ.

ಮಾರಿಕಣಿವೆ · ಬುಧವಾರ ಬೆಳಗ್ಗೆ 10:05

ಈಗಷ್ಟೇ ಎಲ್ಲಾ ಓದಿದೆ. ಮೊದಲನೇ ಪೋಸ್ಟಲ್ಲೇ ಉತ್ತರ ಇರೋ ಹಂಗಿದೆ. ನಿಂತ ಜಾಗದಿಂದಲೇ ಶುರು ಆಗುತ್ತೆ ಅಂದ್ರಲ್ಲ, ಕಾರ್ಡ್ ಕೈಕೊಟ್ಟಿದ್ರೆ ಹಾಡು ಹಾರುತ್ತೆ, ಇಲ್ಲ ಪರದೆ ಸತ್ತಂಗೆ ನಿಲ್ಲುತ್ತೆ, ಇಲ್ಲ ಕಾರ್ಡ್ ಇಲ್ಲ ಅಂತ ಬರುತ್ತೆ. ಇದು ನಿಂತಿದ್ದಲ್ಲ, ಯಾರೋ ಪಾಸ್ ಒತ್ತಿದ್ದು. ಇಯರ್‌ಫೋನ್ ಕಿತ್ತರೆ ನಮ್ಮ ಪ್ಲೇಯರ್ ತಾನೇ ಪಾಸ್ ಆಗುತ್ತಲ್ವಾ? ಅದಕ್ಕೂ ಇಯರ್‌ಫೋನ್ ಕಿತ್ತಂಗೆ ಅನ್ನಿಸ್ತಾ ಇದೆ. ಮೂರು ಪ್ರಶ್ನೆ ಅಣ್ಣ. ಪಿನ್ ಸಿಗಿಸಿದ ಮೇಲೆ ಪ್ಲೇಯರಿಗೂ ಪಿನ್ನಿನ ಕತ್ತಿಗೂ ನಡುವೆ ಬೆಳ್ಳಿ ಗೆರೆ ಕಾಣುತ್ತಾ? ಪ್ಲೇಯರ್ ಯಾವ ಜೇಬಲ್ಲಿ ಇಡ್ತೀರಿ? ನಿಮ್ಮ ಅಂಗಡಿ ಏನು, ಆ ಮಷೀನ್ ಏನು?

ಗುಂಡಿಸರ್ಕಲ್_72 · 10:40

ಗೆರೆ ಕಾಣುತ್ತೆ, ಉಗುರಿನ ದಪ್ಪ. ಮುಂಚಿಂದಲೂ ಹಂಗೇ ಇತ್ತೇನೋ. ಅಂಗಿ ಜೇಬು, ಪಿನ್ ಸಿಗಿಸೋ ಜ್ಯಾಕ್ ಮೇಲ್ಮುಖ. ಅಂಗಡಿ ಗಾದಿ ದಿಂಬಿಂದು. ಮಷೀನ್ ಅಂದ್ರೆ ಹತ್ತಿ ಹಿಂಜೋದು. ಅದಕ್ಕೂ ಇದಕ್ಕೂ ಏನ್ ಸಂಬಂಧ?

ಹರಿಹರದ_ಸೇತುವೆ · 10:42

ಅಯ್ಯೋ ದೇವ್ರೇ.

ಮಾರಿಕಣಿವೆ · 10:55

ಪೂರಾ ಸಂಬಂಧ. ಪಿನ್ ತಳಕ್ಕೆ ಮುಟ್ಟಿದಾಗ ಒಳಗೊಂದು ಸಣ್ಣ ಸ್ಪ್ರಿಂಗ್ ಪಟ್ಟಿಯನ್ನ ತಳ್ಳುತ್ತೆ. ಪಟ್ಟಿ ಸರಿದ್ರೆ ಇಯರ್‌ಫೋನ್ ಇದೆ ಅಂತ ಲೆಕ್ಕ, ವಾಪಸ್ ಬಂದ್ರೆ ಕಿತ್ತರು ಅಂತ ಲೆಕ್ಕ. ತಳದಲ್ಲಿ ಹತ್ತಿ ದೂಳು ತುಂಬಿದ್ರೆ ಪಿನ್ ಪೂರ್ತಿ ಇಳಿಯಲ್ಲ, ಪಟ್ಟಿ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಕೂತ್ರೆ ತಡ್ಕೊಳುತ್ತೆ. ನಡೆದ್ರೆ ವೈರು ಎಳೆದು ಎಳೆದು ತಪ್ಪುತ್ತೆ. ದಿನಾ ಪಿನ್ ಸಿಗಿಸುವಾಗ ನೀವೇ ಅದನ್ನ ಗಟ್ಟಿಯಾಗಿ ಜಡೀತಿದೀರಿ.

ಪ್ಲೇಯರ್ ಆಫ್ ಮಾಡಿ. ಊದುಬತ್ತಿಯ ಬಿದಿರು ಕಡ್ಡಿ ತಗೊಂಡು ತುದಿ ಸ್ವಲ್ಪ ಕೆರೆದು ತೆಳು ಮಾಡಿ. ಜ್ಯಾಕನ್ನ ಕೆಳಮುಖ ಹಿಡಿದು ಗೋಡೆಗುಂಟ ಮೆಲ್ಲಗೆ ಸುತ್ತಿಸಿ, ಮೀಟಿ ತೆಗೀರಿ. ಸೂಜಿ, ಪಿನ್ನು, ಆ ಚಿಮಟ ಬೇಡವೇ ಬೇಡ, ಪಟ್ಟಿ ಮುರಿದ್ರೆ ಜ್ಯಾಕೇ ಬದಲಾಯಿಸಬೇಕು. ಬಾಯಲ್ಲಿ ಊದಬೇಡಿ, ಎಂಜಲು ಹೋಗುತ್ತೆ.

ಸೋಲ್ಡರ್_ಹೊಗೆ · 11:20

ಆಗಿರಬಹುದು. ಆದ್ರೂ ಸ್ಲಾಟ್ ಸಡಿಲ ಇಲ್ಲ ಅಂತ ಇದರಿಂದ ಏನೂ ಸಾಬೀತಾಗಲ್ಲ.

ಗುಂಡಿಸರ್ಕಲ್_72 · ರಾತ್ರಿ 9:15

ಅಂಗಡಿ ಮುಚ್ಚಿ ಟಾರ್ಚ್ ಹಾಕ್ಕೊಂಡು ಕೂತೆ. ಬರಿಗಣ್ಣಿಗೆ ಒಳಗೆ ಏನೂ ಕಾಣಲಿಲ್ಲ, ತಳವೇ ಬೂದಿ ಬಣ್ಣ ಅಂದ್ಕೊಂಡಿದ್ದೆ. ಕಡ್ಡಿ ಸುತ್ತಿಸಿದೆ, ಮೊದಲು ಎರಡು ಎಳೆ ಬಂತು. ಮತ್ತೆ ಮೀಟಿದೆ. ಮೆತ್ತಗೆ ಕಿತ್ತಂಗಾಗಿ ಒಂದು ಬಿಲ್ಲೆ ಉದುರಿತು. ಸಾಸಿವೆಗಿಂತ ದಪ್ಪ, ಜೋಳದ ಕಾಳಿಗಿಂತ ಸಣ್ಣ, ಒಂದು ಕಡೆ ಪಿನ್ನಿನ ತುದಿ ಒತ್ತಿದ ಗುಳಿ. ಬೆರಳಲ್ಲಿ ಹಿಸುಕಿದ್ರೆ ಕಂಬಳಿ ತುಂಡಿನಂಗೆ ಗಟ್ಟಿ. ಅದರ ಹಿಂದೆ ಇನ್ನೊಂದು ಚೂರು, ಬೆಳ್ಳಗೆ, ಹೊಸದು. ಬೂರುಗದ ಹತ್ತಿ, ನೋಡಿದ್ರೇ ಗೊತ್ತಾಗುತ್ತೆ ನನಗೆ.

ಪಿನ್ ಸಿಗಿಸಿದೆ, ಟಕ್ ಅಂತು. ಆ ಸದ್ದು ಕೇಳಿ ಎಷ್ಟು ತಿಂಗಳಾಗಿತ್ತೋ. ಗೆರೆ ಇಲ್ಲ. ಮಹಡಿ ಮೆಟ್ಟಿಲು ಹತ್ತು ಸಲ ಹತ್ತಿ ಇಳಿದೆ, ನಿಲ್ಲಲಿಲ್ಲ. ಬಲಗಿವಿ ಸದ್ದು ಸ್ವಲ್ಪ ಕಮ್ಮಿ ಬರ್ತಿತ್ತು, ವಯಸ್ಸಾಯ್ತು ಅಂದ್ಕೊಂಡಿದ್ದೆ. ಅದೂ ಸರಿ ಹೋಯ್ತು.

ಕೋಟೆ_ಕಾವಲು · 9:33

ಓಬವ್ವನ ಕಿಂಡಿಲಿ ನಾಲ್ಕು ದಿನ ಹತ್ತಿ ಕಾವಲು ಕೂತಿತ್ತು, ನಾವು ಕೋಟೆ ಸುತ್ತಾ ಓಡಾಡ್ತಿದ್ವಿ.

ಮಾರಿಕಣಿವೆ · 9:50

ಒಳ್ಳೇದಾಯ್ತಣ್ಣ. ಅಂಗಡೀಲಿ ಇಯರ್‌ಫೋನ್ ತೆಗೆದಾಗ ಜ್ಯಾಕಿಗೆ ರಬ್ಬರ್ ಮುಚ್ಚಳ ಹಾಕಿ, ಇಲ್ಲಾಂದ್ರೆ ದೀಪಾವಳಿ ಹೊತ್ತಿಗೆ ಮತ್ತೆ ಬರ್ತೀರಿ. ಕಾರ್ಡ್ ಸ್ಲಾಟಿನ ಬಾಯಿಗೂ ಟಾರ್ಚ್ ಬಿಟ್ಟು ನೋಡಿ, ಆ ಟಿಕೆಟ್ ಎಲ್ಲೈತೆ ಅಂತ.

ಗುಂಡಿಸರ್ಕಲ್_72 · 9:58

ಟಿಕೆಟ್ ಕಾಣ್ತಾ ಐತೆ. ಅರ್ಧ. ಊರಿನ ಹೆಸರೂ ಓದಬಹುದು.

ಸೋಲ್ಡರ್_ಹೊಗೆ · 10:20

ಅದನ್ನ ನನ್ನ ಹತ್ರ ತಗೊಂಡ್ಬನ್ನಿ, ಬಿಚ್ಚಿ ತೆಗೆದುಕೊಡ್ತೀನಿ. ದುಡ್ಡು ಬೇಡ. ಬರುವಾಗ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬನ್ನಿ. ಕ್ಯಾಸೆಟ್ಟಿನ ಫೈಲೂ ಪೆನ್‌ಡ್ರೈವಲ್ಲಿ ತನ್ನಿ, ಕೇಳಬೇಕು. 24 ಬಿಟ್ಟಿನದೇ ತನ್ನಿ.

ಬಿ_ಸೈಡ್ · 10:26

ನನಗೂ ಒಂದು ಪ್ರತಿ. 16 ಆದ್ರೂ ನಡೆಯುತ್ತೆ.

ಗುಂಡಿಸರ್ಕಲ್_72 · ಗುರುವಾರ ಬೆಳಗ್ಗೆ 7:30

ಗಾಜಿನ ಮನೆ ಮೂರು ಸುತ್ತು, ಒಂದು ಸಲವೂ ನಿಲ್ಲಲಿಲ್ಲ. ಎಲ್ಲರಿಗೂ ನಮಸ್ಕಾರ. ಈಗ ಆ ಡಬ್ಬಿ ಡಬ್ಬಿ ಅಕ್ಷರದ ವಿಷಯ. 31 ಕ್ಯಾಸೆಟ್ಟೂ ಒಂದೇ ಥರ ಕಾಣ್ತಾವೆ, ಯಾವುದು ಯಾವ ನಾಟಕ ಅಂತ ಹಾಡು ಶುರುವಾದ ಮೇಲೇ ಗೊತ್ತಾಗೋದು.

ಬಿ_ಸೈಡ್ · 7:44

ಪ್ಲೇಯರಿನ ಫಾಂಟಲ್ಲಿ ಕನ್ನಡ ಅಕ್ಷರವೇ ಇಲ್ಲ. ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದೊಂದೇ ದಾರಿ. ನಾನು ಹಂಗೇ ಮಾಡ್ಕೊಂಡಿದೀನಿ.

ಕೋಟೆ_ಕಾವಲು · 7:51

ಕಾರ್ಡ್ ಒಂದ್ಸಲ ಫಾರ್ಮ್ಯಾಟ್ ಮಾಡಿ ನೋಡಿ.

ನಿರ್ವಾಹಕ · 8:00

ಅಕ್ಷರದ ವಿಷಯಕ್ಕೆ ಹೊಸ ಚರ್ಚೆ ತೆರೆಯಿರಿ.

ಹೊಸಬ_4471 · ಶನಿವಾರ ರಾತ್ರಿ 11:32

ನಂಗೂ ಸೇಮ್ ಪ್ರಾಬ್ಲಮ್ ಸರ್. ಆದ್ರೆ ನಂದು ಕಾರ್ ಸ್ಟೀರಿಯೋ. ಜ್ಯಾಕ್ ಇಲ್ಲ, ಪೆನ್‌ಡ್ರೈವ್. ಎಲ್ಲಾ ಮಾಡಿ ನೋಡಿದೆ. ಪ್ಲೀಸ್ ಹೇಳಿ.