ಬೈಬ್ಯಾಕ್ ಸ್ಪೋರ್ಟ್ಸ್ ಕಾರು: ಡೀಲರ್ 12% ಇಳಿಸಿದ್ದಾರೆ, ಇಷ್ಟು ಸಾಕೇ?

ಆರನೇಗೇರ್ (ಪ್ರಶ್ನೆ)

ಕ್ಯಾಲಿಫೋರ್ನಿಯಾದ ಒಬ್ಬ ಡೀಲರ್ ಬಳಿ ಎರಡು ವರ್ಷ ಹಳೆಯ, 9,000 ಮೈಲಿ ಓಡಿದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿದೆ. ಮೊದಲ ಮಾಲೀಕರಿಂದ ಕಂಪನಿಯೇ ವಾಪಸ್ ಪಡೆದದ್ದು. ಇದೇ ಮಾದರಿಗೆ ಟೈಟಲ್ (ಮಾಲೀಕತ್ವದ ಪತ್ರ) ಶುದ್ಧವಾಗಿದ್ದರೆ, ಅಂದರೆ ಅದರ ಮೇಲೆ ಬೈಬ್ಯಾಕ್ ಗುರುತು ಇಲ್ಲದಿದ್ದರೆ, 60,000 ಡಾಲರ್ ನಡೆಯುತ್ತಿದೆ, ಇದಕ್ಕೆ 52,800 ಹೇಳುತ್ತಿದ್ದಾರೆ. ದೋಷ ಸರಿಪಡಿಸಿ ಆಗಿದೆ, ಫ್ಯಾಕ್ಟರಿ ವಾರಂಟಿಯೂ ಬಾಕಿ ಇದೆ ಎನ್ನುತ್ತಾರೆ. ಮೂರು ವರ್ಷ ಇಟ್ಟುಕೊಂಡು ಮಾರಬೇಕೆಂದಿದೆ. ಈ ಬೆಲೆ ಸರಿಯೇ?

ಲೆಕ್ಕದಪುಸ್ತಕ

ಸರಿಯಲ್ಲ. ಇಂಥ ಕಾರಿನ ಬೆಲೆಯನ್ನು ಕೊಳ್ಳುವ ದಿನದಿಂದಲ್ಲ, ಮಾರುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಮೂರು ವರ್ಷದ ನಂತರ ಶುದ್ಧ ಟೈಟಲ್‌ನ ಕಾರು 45,000ಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಟೈಟಲ್ ಮೇಲಿನ ಬೈಬ್ಯಾಕ್ ಮುದ್ರೆ ನೋಡಿದವರು 20% ಕಡಿಮೆ ಕೇಳಿದರೆ ನಿಮ್ಮ ಕೈಗೆ 36,000. ಅಂದರೆ 52,800 ಕೊಟ್ಟ ನಿಮಗೆ 16,800 ನಷ್ಟ. 60,000 ಕೊಟ್ಟು ಶುದ್ಧ ಕಾರು ಕೊಂಡವರಿಗೆ 15,000 ಮಾತ್ರ. ಅಗ್ಗದ ಕಾರು ಕೊಂಡು ಹೆಚ್ಚು ಕಳೆದುಕೊಂಡಂತಾಯಿತು. 51,000ಕ್ಕೆ ಕೊಂಡರೆ ಇಬ್ಬರದೂ ಸಮ, ಆದರೆ ಮಾರುವಾಗಿನ ತಲೆನೋವೆಲ್ಲ ನಿಮ್ಮದೇ. 46,800ಕ್ಕೆ, ಅಂದರೆ 22% ಇಳಿಸಿ ಸಿಕ್ಕರೆ ನಷ್ಟ 10,800. ಆಗ ಮಾತ್ರ ಈ ವ್ಯಾಪಾರಕ್ಕೆ ಅರ್ಥವಿದೆ. ಈ 45,000 ಮತ್ತು 20% ಉದಾಹರಣೆಗೆ ಹಿಡಿದ ಅಂಕಿಗಳು. ನಿಮ್ಮ ಮಾದರಿಯದೇ ಐದು ವರ್ಷ ಹಳೆಯ ಕಾರುಗಳ ಬೆಲೆ ನೋಡಿ ಅವನ್ನು ಬದಲಿಸಿಕೊಳ್ಳಿ.

ಆ 20% ಎಷ್ಟಕ್ಕೆ ನಿಲ್ಲುತ್ತದೆ ಎಂದು ತಿಳಿಯಲು ಸುಲಭದ ದಾರಿ ಒಂದಿದೆ. ಅದೇ ಡೀಲರ್‌ಗೆ, "ಇದೇ ಕಾರನ್ನು ನಾಳೆ ನಾನು ಬೇರೆ ಕಾರಿಗೆ ಬದಲಾಗಿ ಟ್ರೇಡ್-ಇನ್‌ಗೆ ತಂದರೆ ಎಷ್ಟು ಕೊಡುತ್ತೀರಿ?" ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಶುದ್ಧ ಕಾರಿನ ಟ್ರೇಡ್-ಇನ್ ಬೆಲೆಗೂ ಅವರು ಹೇಳಿದ್ದಕ್ಕೂ ಇರುವ ಅಂತರವೇ ಆ ಮುದ್ರೆಯ ಬೆಲೆ. ಮಾರುವಾಗ 12% ಮಾತ್ರ ಎಂದವರು ಕೊಳ್ಳುವಾಗ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕಂಪನಿ ಮೊದಲ ಮಾಲೀಕರಿಗೆ ಎಷ್ಟು ಕೊಟ್ಟಿತು ಎಂಬ ಮಾತು ಚೌಕಾಸಿಯಲ್ಲಿ ಬಂದರೆ ಬದಿಗಿಡಿ. ಕ್ಯಾಲಿಫೋರ್ನಿಯಾದಲ್ಲಿ ಬಳಕೆಯ ಕಡಿತದ (ಮಾಲೀಕರು ಓಡಿಸಿದ್ದಕ್ಕೆ ಮರುಪಾವತಿಯಲ್ಲಿ ಕಳೆಯುವ ಮೊತ್ತದ) ಸೂತ್ರವೇ ಚಿಕ್ಕದು: ದೋಷವೆಂದು ಮೊದಲ ಸಲ ತಂದಾಗಿನ ಮೈಲಿಯನ್ನು 1,20,000ದಿಂದ ಭಾಗಿಸಿ ಕಾರಿನ ಬೆಲೆಯಿಂದ ಗುಣಿಸುವುದು. 78,000ದ ಕಾರು 3,000 ಮೈಲಿಗೆ ಬಂದಿದ್ದರೆ ಕಡಿತ 1,950 ಡಾಲರ್ ಅಷ್ಟೆ. ಆ ಹೊರೆ ಕಂಪನಿಯದು. ಡೀಲರ್ ಹರಾಜಿನಲ್ಲಿ ಕೊಟ್ಟದ್ದು ಬೇರೆಯೇ ಮೊತ್ತ.

ಕಾಗದನೋಡಿ

ಮೇಲಿನ ಲೆಕ್ಕ ಸರಿ. ಆದರೆ ಎಲ್ಲ ಬೈಬ್ಯಾಕೂ ಒಂದೇ ಅಲ್ಲ, ಮೊದಲು ಯಾವ ಬಗೆಯದೆಂದು ನೋಡಿ. ಚಾಲಕನ ಬಾಗಿಲು ತೆರೆದು ಚೌಕಟ್ಟಿನ ಮೇಲೆ ಸ್ಟಿಕ್ಕರ್ ಇದೆಯೇ ನೋಡಿ. ಲೆಮನ್ ಲಾ (ಪದೇಪದೇ ರಿಪೇರಿಯಾದರೂ ಸರಿಹೋಗದ ಕಾರನ್ನು ಕಂಪನಿ ವಾಪಸ್ ಪಡೆಯಬೇಕೆನ್ನುವ ಕಾನೂನು) ಪ್ರಕಾರ ವಾಪಸಾದ ಕಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಅದನ್ನು ಅಂಟಿಸಲೇಬೇಕು, ಟೈಟಲ್ ಮೇಲೂ "ಲೆಮನ್ ಲಾ ಬೈಬ್ಯಾಕ್" ಎಂದು ಬರೆಸಬೇಕು. ಗ್ರಾಹಕರ ಸಮಾಧಾನಕ್ಕೆಂದು ಕಂಪನಿ ತಾನಾಗಿ ಕೊಂಡ ಕಾರಿನ ಟೈಟಲ್ ಶುದ್ಧವಾಗಿಯೇ ಉಳಿದು, ಕಾರ್‌ಫ್ಯಾಕ್ಸ್ ಎಂಬ ಕಾರಿನ ಇತಿಹಾಸದ ವರದಿಯಲ್ಲಿ ಮಾತ್ರ ಒಂದು ಸಾಲು ಇರಬಹುದು. ಎರಡನೆಯದಕ್ಕೆ ಬೆಲೆ ಅಷ್ಟು ಬೀಳುವುದಿಲ್ಲ.

ಮುದ್ರೆ ಇದ್ದರೆ ಸಹಿ ಹಾಕುವ ಮುನ್ನ ಲಿಖಿತ ನೋಟಿಸ್ ಕೇಳಿ. ಮೊದಲ ಮಾಲೀಕರು ಹೇಳಿದ ಪ್ರತಿ ದೋಷ, ಅದಕ್ಕೆ ಮಾಡಿದ ರಿಪೇರಿ ಎರಡೂ ಅದರಲ್ಲಿರಬೇಕು. ಜೊತೆಗೆ ಆ ದೋಷ ಮರುಕಳಿಸುವುದಿಲ್ಲವೆಂದು ಕಂಪನಿಯ ಒಂದು ವರ್ಷದ ಲಿಖಿತ ವಾರಂಟಿ ಬರಬೇಕು. ಗಮನಿಸಿ, ಅದು ಆ ದೋಷಕ್ಕೆ ಮಾತ್ರ. ಉಳಿದ ಫ್ಯಾಕ್ಟರಿ ವಾರಂಟಿ ನಿಜಕ್ಕೂ ಜೀವಂತವಿದೆಯೇ ಎಂದು ಇನ್ನೊಂದು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ವಿನ್ (ಕಾರಿನ ಗುರುತಿನ) ನಂಬರ್ ಕೊಟ್ಟು ಕೇಳಿ. ಡೀಲರ್ ಈ ಕಾರನ್ನು "ಸರ್ಟಿಫೈಡ್" (ತಪಾಸಣೆ ಮಾಡಿ ಖಾತರಿ ಕೊಟ್ಟದ್ದು) ಎಂದು ಕರೆದರೆ ಎದ್ದು ಬನ್ನಿ. ಅಲ್ಲಿನ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ.

ಬೇರೆ ರಾಜ್ಯದಲ್ಲಿ ನೋಂದಾಯಿಸಿದರೆ ಮುದ್ರೆ ಅಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಮ್ಮೆ ದಾಖಲಾದ ಮುದ್ರೆ ರಾಷ್ಟ್ರೀಯ ಟೈಟಲ್ ದಾಖಲೆಯಲ್ಲಿ, ಅಂದರೆ ಎನ್‌ಎಮ್‌ವಿಟಿಐಎಸ್‌ನಲ್ಲಿ, ಉಳಿದೇ ಇರುತ್ತದೆ.

ಸಾಲ, ವಿಮೆ ಎರಡನ್ನೂ ಬೆಲೆ ಮಾತಾಡುವ ಮುಂಚೆಯೇ ವಿಚಾರಿಸಿ. ಇಂಥ ಟೈಟಲ್‌ಗೆ ಹಲವು ಬ್ಯಾಂಕ್‌ಗಳು ಸಾಲ ಕೊಡುವುದಿಲ್ಲ. ಕಾರು ಪೂರ್ತಿ ಜಖಂ ಆದರೆ ವಿಮೆಯವರು ಮುದ್ರೆಗೂ ಹಣ ಕಡಿಯಬಹುದು. ಒಪ್ಪಿತ ಮೌಲ್ಯದ (ಮೊದಲೇ ನಿಗದಿಯಾದ ಮೊತ್ತ ಕೊಡುವ) ಪಾಲಿಸಿ ಸಿಗುತ್ತದೆಯೇ ಕೇಳಿ.

ಆರನೇಗೇರ್

ನೋಟಿಸ್ ಸಿಕ್ಕಿತು, ಸ್ಟಿಕ್ಕರೂ ಇದೆ. ದೋಷ: "ಬಿಸಿಯಾದಾಗ 2ರಿಂದ 3ನೇ ಗೇರಿಗೆ ಹೋಗುವಾಗ ಜರ್ಕ್." ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ, ತಾನೇ ಗೇರ್ ಬದಲಿಸುವ) ಗೇರ್‌ಬಾಕ್ಸ್. ಮೊದಲೆರಡು ಸಲ ಸಾಫ್ಟ್‌ವೇರ್ ಅಪ್‌ಡೇಟ್, ಮೂರನೇ ಸಲ ವಾಲ್ವ್ ಬಾಡಿ (ಗೇರ್ ಬದಲಿಸಲು ಎಣ್ಣೆಯ ಹರಿವು ನಿಯಂತ್ರಿಸುವ ಭಾಗ) ಬದಲು, ನಾಲ್ಕನೇ ಸಲ "ದೋಷ ಕಂಡುಬರಲಿಲ್ಲ".

ಎಣ್ಣೆಕೈ

ಆ ಕೊನೆಯ ಸಾಲೇ ತೊಂದರೆ. ದೋಷ ಸರಿಯಾಯಿತು ಎನ್ನುವುದಕ್ಕೂ ಕಂಡುಬರಲಿಲ್ಲ ಎನ್ನುವುದಕ್ಕೂ ತುಂಬ ವ್ಯತ್ಯಾಸ. 2014ರ ಪೋರ್ಷೆ 911 ಜಿಟಿ3 ನೆನಪಿಸಿಕೊಳ್ಳಿ: ಕನೆಕ್ಟಿಂಗ್ ರಾಡ್ ಬೋಲ್ಟ್ ಸಡಿಲವಾಗಿ ಬೆಂಕಿ ಹೊತ್ತಿಕೊಂಡಾಗ ಕಂಪನಿ 785 ಕಾರುಗಳ ಎಂಜಿನ್ನನ್ನೇ ಬದಲಿಸಿಕೊಟ್ಟಿತು. ಕಾರಣ ಗೊತ್ತು, ಪರಿಹಾರ ಗೊತ್ತು. ಮುಂದೆ ಕೊಳ್ಳುವವರಿಗೆ ಅದನ್ನು ಒಂದು ಕಾಗದ ತೋರಿಸಿ ವಿವರಿಸಬಹುದು. ನಿಮ್ಮ ಕಾರಿನ ಜರ್ಕ್‌ಗೆ ಅಂಥ ಕಾಗದ ಇಲ್ಲ.

ಹಾಗಾಗಿ ನೀವೇ ಪರೀಕ್ಷಿಸಬೇಕು. ತಣ್ಣಗಿರುವಾಗ ಹತ್ತು ನಿಮಿಷ ಓಡಿಸಿದರೆ ಏನೂ ತಿಳಿಯದು, ಕನಿಷ್ಠ 40 ನಿಮಿಷ ಬೇಕು. ಗೇರ್‌ಬಾಕ್ಸ್ ಎಣ್ಣೆ ಪೂರ್ತಿ ಬಿಸಿಯಾದ ಮೇಲೆ ಟ್ರಾಫಿಕ್‌ನಲ್ಲಿ ಆಕ್ಸಿಲರೇಟರ್ ಅರ್ಧಕ್ಕಿಂತ ಕಡಿಮೆ ಒತ್ತಿ 2-3, 3-2 ಹತ್ತಾರು ಸಲ ಮಾಡಿ. ಜೋರಾಗಿ ಒತ್ತಿದರೆ ಜರ್ಕ್ ಮುಚ್ಚಿಹೋಗುತ್ತದೆ. ಆಮೇಲೆ ಏರಿನಲ್ಲಿ ನಿಲ್ಲಿಸಿ ಮೆಲ್ಲಗೆ ರಿವರ್ಸ್ ಬನ್ನಿ, ಕ್ಲಚ್ ಅದುರಿದರೆ ಅಲ್ಲೇ ಗೊತ್ತಾಗುತ್ತದೆ.

ಹೊರಡುವ ಮುಂಚೆ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ) ಚುಚ್ಚಿ, "ಕೋಡ್ ಅಳಿಸಿದ ನಂತರ ಓಡಿದ ದೂರ" ನೋಡಿ. ಅಲ್ಲಿ 20 ಕಿಲೋಮೀಟರ್ ಎಂದಿದ್ದರೆ ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ರೆಡಿನೆಸ್ ಮಾನಿಟರ್‌ಗಳು ಪೂರ್ತಿಯಾಗಿಲ್ಲದಿದ್ದರೂ ಅದೇ ಸೂಚನೆ. ಕಾರಣ ಕೇಳಿ, ಕೆಲ ದಿನ ಓಡಿದ ಮೇಲೆ ಮತ್ತೆ ನೋಡಿ. ಅಗ್ಗದ ಸ್ಕ್ಯಾನರ್ ಎಂಜಿನ್ ಕೋಡ್ ಓದಿದರೂ ಗೇರ್‌ಬಾಕ್ಸ್ ಕಂಟ್ರೋಲರ್‌ನದು ಓದದಿರಬಹುದು. ಅದಕ್ಕೆ ಆ ಬ್ರ್ಯಾಂಡ್‌ಗೆ ಹೊಂದುವ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಬೇಕು. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಬೆಲೆ ವಿಷಯ: ಪರೀಕ್ಷೆಯಲ್ಲಿ ಒಂದೇ ಒಂದು ಜರ್ಕ್ ಬಂದರೂ ಬಿಟ್ಟುಬಿಡಿ, 40,000ಕ್ಕೆ ಕೊಟ್ಟರೂ ಬೇಡ. ಏನೂ ಬರದಿದ್ದರೆ 46,800ರಿಂದಲೂ ಕೆಳಗೆ ಶುರುಮಾಡಿ, ಏಕೆಂದರೆ ಮೂರು ವರ್ಷದ ನಂತರ ಕೊಳ್ಳುವವರೂ ಆ "ಕಂಡುಬರಲಿಲ್ಲ" ಸಾಲನ್ನು ಓದುತ್ತಾರೆ. ಗೇರ್‌ಬಾಕ್ಸ್ ವಾರಂಟಿಯನ್ನು ಕಂಪನಿಯಿಂದಲೇ ಎರಡು ವರ್ಷ ಹೆಚ್ಚಿಸಿ ಕೊಡಿಸಿದರೆ 47,500ರವರೆಗೆ ಹೋಗಬಹುದು. ಡೀಲರ್ ಮಾರುವ ಹೊರಗಿನ ಸರ್ವಿಸ್ ಕಾಂಟ್ರ್ಯಾಕ್ಟ್ ಆದರೆ ಮುದ್ರೆ ಬಿದ್ದ ಟೈಟಲ್‌ಗೆ ಅನ್ವಯಿಸುತ್ತದೆಯೇ ಎಂದು ಹೊರಗಿಟ್ಟವುಗಳ ಪಟ್ಟಿ ಓದಿ. ಹಲವುಗಳಲ್ಲಿ ಅನ್ವಯಿಸುವುದಿಲ್ಲ.