ಸಹಾಯ ಬೇಕು: ಪುಟ್ಟ ಮನೆಯಲ್ಲಿ ಮೈಕ್ರೋಗ್ರೀನ್ಸ್‌ಗೆ ಬೂಷ್ಟು

ಎಲ್ಲರಿಗೂ ನಮಸ್ಕಾರ. ಮೈಕ್ರೋಗ್ರೀನ್ಸ್ (ಎಳೆಯದರಲ್ಲೇ ಕತ್ತರಿಸಿ ತಿನ್ನುವ ಸೊಪ್ಪಿನ ಸಸಿ) ಬೆಳೆಯುತ್ತಿದ್ದೇನೆ. ಅಡುಗೆ, ನಿದ್ದೆ ಎಲ್ಲಾ ಒಂದೇ ಕೋಣೆಯಲ್ಲಿ, ಗಾಳಿಯ ತೇವ 75% ದಾಟುತ್ತದೆ. 25×25 ಸೆಂ.ಮೀ. ಟ್ರೇಗೆ 3 ಸೆಂ.ಮೀ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), 20 ಗ್ರಾಂ ಮೂಲಂಗಿ ಬೀಜ. 3 ದಿನ ಕತ್ತಲಲ್ಲಿ ಮುಚ್ಚಿಟ್ಟು, ಆಮೇಲೆ 15 ಸೆಂ.ಮೀ. ಮೇಲಿಂದ ಎಲ್‌ಇಡಿ ಬೆಳಕು, ದಿನಕ್ಕೆ 14 ಗಂಟೆ. ನೀರು ಅಡಿಯ ಟ್ರೇಯಿಂದಲೇ.

5ನೇ ದಿನಕ್ಕೆ ಕಾಂಡದ ಬುಡದಲ್ಲಿ ಜೇಡರ ಬಲೆಯಂಥ ಬಿಳಿ ಎಳೆ, ಮುಗ್ಗಲು ವಾಸನೆ, ಸಸಿ ಗುಂಪಾಗಿ ಮಗುಚಿಬೀಳುತ್ತದೆ. ಇದು ಬೇರಿನ ರೋಮವಲ್ಲ. ರೋಮವಾದರೆ ಬೇರಿಗಷ್ಟೇ ಅಂಟಿಕೊಂಡಿರುತ್ತದೆ, ನೀರು ಚಿಮುಕಿಸಿದರೆ ಕಾಣದಾಗುತ್ತದೆ. ಇದು ಹಾಗೆ ಹೋಗುವುದಿಲ್ಲ.

ಬೀಜ ದಟ್ಟವಾಯಿತೆಂಬ ಗುಮಾನಿ. 12 ಗ್ರಾಂಗೆ ಇಳಿಸಿದರೆ ಸಾಕೇ? ಚಿಕ್ಕ ಫ್ಯಾನ್ ದಿನವಿಡೀ ಬೇಕೇ, ಅಥವಾ ಅಡುಗೆ ಹೊತ್ತಿಗೆ ಮಾತ್ರವೇ? ಅಡಿಯ ನೀರನ್ನು ಎಷ್ಟು ಹೊತ್ತಿಗೆ ಚೆಲ್ಲಬೇಕು? ಹಸಿಯಾಗಿ ತಿನ್ನುವ ಸೊಪ್ಪಾದ್ದರಿಂದ ಔಷಧಿ ಸಿಂಪಡಿಸಲು ಮನಸ್ಸಿಲ್ಲ. ಇಷ್ಟೇ ತೇವದಲ್ಲಿ ಬೆಳೆಯುತ್ತಿರುವವರು ದಯವಿಟ್ಟು ಅಳತೆ ಸಮೇತ ತಿಳಿಸಿ.