ಲಿನಕ್ಸ್, ಗಿಟ್ ಕಮಾಂಡು ಫ್ಲ್ಯಾಶ್‌ಕಾರ್ಡಲ್ಲಿ ಕಲಿತವರು ಇದ್ದೀರಾ? ಕಾರ್ಡಲ್ಲಿ ಬರ್ತದೆ, ಟರ್ಮಿನಲಲ್ಲಿ ಬರ್ತಿಲ್ಲ

ತೋಟದಮನೆ (ಶಿರಸಿ):
ನಮಸ್ಕಾರ ಎಲ್ರಿಗೂ. ಶಿರಸಿ ಹತ್ರ ಊರಲ್ಲೇ ಇದ್ದು ಲಿನಕ್ಸ್ ಸಪೋರ್ಟ್ ಕೆಲಸ ಮಾಡ್ತೇನೆ. ನಮ್ಮನೇಲಿ ಮೆತ್ತಿ ಮೇಲೆ ಕಿಟಕಿ ಹತ್ರ ಕೂತ್ರೆ ಮಾತ್ರ ಎರಡು ಕಡ್ಡಿ ಸಿಗ್ನಲ್ಲು, ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಟರ್ಮಿನಲಿಂದ ಸೇರೋದು) ಹೇಗೋ ಹಿಡ್ಕೊಂಡಿರ್ತದೆ ಆದ್ರೆ ಬ್ರೌಸರಲ್ಲಿ ಒಂದು ಪೇಜ್ ತೆರೆಯೋದ್ರೊಳಗೆ ಆ ಕಡೆ ಕಸ್ಟಮರ್ ಕಾದು ಕಾದು ಸಾಕಾಗಿರ್ತಾರೆ, ಹಾಗಾಗಿ ಕಮಾಂಡೆಲ್ಲ ಬಾಯಿಪಾಠ ಆಗ್ಲೇಬೇಕು ಅಂತ ಮಳೆಗಾಲದಲ್ಲಿ ಆಂಕಿ (ದಿನ ಬಿಟ್ಟು ಬಿಟ್ಟು ಕಾರ್ಡು ಮತ್ತೆ ಕೇಳೋ ಫ್ಲ್ಯಾಶ್‌ಕಾರ್ಡ್ ಆ್ಯಪ್) ಹಾಕ್ಕೊಂಡೆ. ಯಾರೋ ಮಾಡಿಟ್ಟಿದ್ದ 1,100 ಕಾರ್ಡಿನ ಡೆಕ್ ಇಳಿಸ್ಕೊಂಡು ದಿನಕ್ಕೆ 20 ಹೊಸದು. ಎರಡು ತಿಂಗ್ಳು ಚೆನ್ನಾಗೇ ಹೋಯ್ತು. ಆಮೇಲೆ ಅಡಿಕೆ ಕೊನೆ ಕೊಯ್ಲು ಶುರುವಾಗಿ ರಾತ್ರಿ ಸುಲಿಯೋಕೆ ಮನೆಯವ್ರೆಲ್ಲ ಕೂರ್ಬೇಕಲ್ಲ, ಹನ್ನೆರಡು ದಿನ ಆ್ಯಪ್ ಮುಟ್ಲಿಲ್ಲ, ತೆರೆದ್ರೆ 643 ಕಾರ್ಡು ಬಾಕಿ.

ಅದಕ್ಕಿಂತ ಬೇಜಾರಿನ ವಿಷ್ಯ ಬೇರೆ. "ಟಾರ್‌ನಲ್ಲಿ ಝಡ್ ಅಂದ್ರೇನು?" ಅಂತ ಕಾರ್ಡ್ ಬಂದ್ರೆ ಕಣ್ಮುಚ್ಚಿ ಹೇಳ್ತೇನೆ, ಜಿಝಿಪ್ ಅಂತ (ಟಾರ್ ಫೈಲುಗಳನ್ನ ಒಂದು ಕಟ್ಟು ಮಾಡೋ ಕಮಾಂಡು, ಜಿಝಿಪ್ ಅದನ್ನ ಕುಗ್ಗಿಸೋದು). ಎದುರಿಗೆ ನಿಜವಾದ ಫೈಲ್ ಬಂದಾಗ ಬಿಚ್ಚೋಕೆ ಎಕ್ಸೋ ಸಿಯೋ ಅಂತ ಕೈ ನಿಂತು ಹೋಗ್ತದೆ. ಇರೋ ಫೈಲಿಗೆ ಇನ್ನೊಂದು ಹೆಸ್ರಿನ ಲಿಂಕ್ ಮಾಡೋ ಎಲ್‌ಎನ್ ಮೈನಸ್ ಎಸ್‌ನಲ್ಲಿ ಯಾವ ಹೆಸ್ರು ಮೊದ್ಲು ಅಂತ ಇವತ್ತಿಗೂ ಗೊಂದಲ. ಈ ಪದ್ಧತಿನೇ ಕಮಾಂಡಿಗೆ ಆಗಿ ಬರೋದಿಲ್ವಾ ಅಥವಾ ನಾನು ಮಾಡ್ತಿರೋದ್ರಲ್ಲೇ ತಪ್ಪಿದ್ಯಾ?

ಕಾಳಿದಂಡೆ (ಕಾರವಾರ):
ಪದ್ಧತಿ ಸರಿ ಇದೆ, ಡೆಕ್ ನಿಮ್ದಲ್ಲ ಅಷ್ಟೇ. ನೀವು ಯಾವತ್ತೂ ಹೊಡೆಯದೇ ಇದ್ದ ಕಮಾಂಡು ಎಷ್ಟು ಸಲ ನೋಡಿದ್ರೂ ಅಂಟೋದಿಲ್ಲ. ಆ 1,100ನ್ನೂ ಸಸ್ಪೆಂಡ್ ಮಾಡಿ, 643ರ ಬಾಕಿ ಅಲ್ಲಿಗೇ ಮುಗೀತು. ಇನ್ಮೇಲೆ ಕಾರ್ಡ್ ಹುಟ್ಬೇಕಾದ್ದು ನಿಮ್ಮ ಶೆಲ್ ಹಿಸ್ಟರಿಯಿಂದ (ಟರ್ಮಿನಲಲ್ಲಿ ಹೊಡೆದ ಕಮಾಂಡಿನ ಪಟ್ಟಿ), ಸಂಜೆ ಕೆಲಸ ಮುಗಿದ ಮೇಲೆ ಹಿಸ್ಟರಿ ಅಂತ ಹೊಡೆದು ಇವತ್ತು ಯಾವುದಕ್ಕೆ ತಡವರಿಸಿದೆ ಅಂತ ನೋಡಿ ಎರಡೋ ಮೂರೋ ಮಾಡಿ, ಸಾಕು.

ಮತ್ತೆ ಪ್ರಶ್ನೆ ಬರೆಯೋ ರೀತಿ. ಝಡ್ ಅಂದ್ರೇನು ಅಂತ ಟರ್ಮಿನಲ್ ನಿಮ್ಮನ್ನ ಯಾವತ್ತೂ ಕೇಳೋದಿಲ್ಲ ಮಾರಾಯ್ರೇ. ಅಲ್ಲಿ ಬರೋದು ಪರಿಸ್ಥಿತಿ. ಗಿಟ್ ಅಂದ್ರೆ ಕೋಡಿನ ಬದಲಾವಣೆ ದಾಖಲಿಸಿಡೋ ಸಾಧನ, ಕಮಿಟ್ ಅಂದ್ರೆ ಅದ್ರಲ್ಲಿ ಒಂದು ದಾಖಲೆ, ಬ್ರಾಂಚ್ ಕೆಲಸದ ಒಂದು ಕವಲು, ಪುಶ್ ಅಂದ್ರೆ ಸರ್ವರಿಗೆ ಕಳ್ಸೋದು, ಸ್ಟೇಜ್ ಅಂದ್ರೆ ಕಮಿಟ್‌ಗೆ ಆರಿಸಿಟ್ಟದ್ದು. ಅದ್ರ ಬಗ್ಗೆ ನನ್ನ ಒಂದು ಕಾರ್ಡು ಹೀಗಿದೆ: "ತಪ್ಪು ಬ್ರಾಂಚಲ್ಲಿ ಕಮಿಟ್ ಮಾಡಿದೆ, ಪುಶ್ ಮಾಡಿಲ್ಲ, ಕಮಿಟ್ ಮಾತ್ರ ಬಿಚ್ಚಬೇಕು, ಬದಲಾವಣೆ ಸ್ಟೇಜಲ್ಲೇ ಇರ್ಬೇಕು." ಉತ್ತರ ಗಿಟ್ ರೀಸೆಟ್, ಸಾಫ್ಟ್, ಹೆಡ್ ಟಿಲ್ಡೆ 1 (ಒಂದು ಕಮಿಟ್ ಹಿಂದಕ್ಕೆ). ಇದು ನಾನು ಪೆಟ್ಟು ತಿಂದು ಕಲಿತದ್ದು. ಸಾಫ್ಟ್ ಅನ್ನೋ ಜಾಗದಲ್ಲಿ ಹಾರ್ಡ್ (ಬದಲಾವಣೆನೇ ಅಳಿಸೋದು) ಹೊಡೆದು, ಕಮಿಟ್ ಮಾಡದೇ ಇದ್ದ ಒಂದು ಮಧ್ಯಾಹ್ನದ ಕೆಲಸ ಪೂರ್ತಿ ಹೋಯ್ತು. ಕಮಿಟ್ ಆಗಿದ್ರೆ ರಿಫ್‌ಲಾಗ್‌ನಲ್ಲಿ (ಗಿಟ್ ಇಟ್ಟ ಹಳೇ ಕಮಿಟ್‌ಗಳ ಜಾಡು) ಹುಡುಕಿ ತರಬಹುದು, ಬ್ರಾಂಚಿಂದ ಕಳಚಿ ಹೋದ ಕಮಿಟ್ಟೂ ಡಿಫಾಲ್ಟಾಗಿ 30 ದಿನ ಅದ್ರಲ್ಲಿ ಇರ್ತದೆ, ಆದ್ರೆ ಆ್ಯಡೂ ಮಾಡದೇ (ಸ್ಟೇಜಿಗೂ ಹಾಕದೇ) ಇದ್ದದ್ದನ್ನ ಗಿಟ್ ಎಲ್ಲಿಂದ ತಂದು ಕೊಡ್ತದೆ? ಅವತ್ತಿಂದ ಸಾಫ್ಟ್, ಮಿಕ್ಸೆಡ್ (ಸ್ಟೇಜಿಂದಲೂ ಇಳಿಸ್ತದೆ, ಫೈಲಲ್ಲಿ ಹಾಗೇ ಇರ್ತದೆ), ಹಾರ್ಡ್ ಮೂರಕ್ಕೂ ಬೇರೆ ಬೇರೆ ಕಾರ್ಡು.

ಆಂಕಿಯಲ್ಲಿ ಉತ್ತರ ಟೈಪ್ ಮಾಡೋ ನಮೂನೆ ಕಾರ್ಡ್ ಇದೆ, ಅದನ್ನೇ ಹಾಕಿ, ಬಾಯಲ್ಲಿ ಹೇಳೋದೂ ಬೆರಳು ಹೊಡೆಯೋದೂ ಒಂದೇ ಅಲ್ಲ. ಎಲ್‌ಎನ್‌ಗೆ ಒಂದು ಗುರುತು: ಸಿಪಿ (ಫೈಲ್ ನಕಲು ಮಾಡೋ ಕಮಾಂಡು) ಇದ್ದ ಹಾಗೇ. ಇರೋದು ಮೊದ್ಲು, ಹೊಸ ಹೆಸ್ರು ಆಮೇಲೆ.

ಕೋಟಿತೀರ್ಥ (ಗೋಕರ್ಣ):
ಮೇಲಿನವ್ರು ಹೇಳಿದ್ದಕ್ಕೆ ನಂದೊಂದು ಸೇರಿಸ್ತೇನೆ. ನಮ್ಮಜ್ಜ ವೇದ ಹೇಳ್ಕೊಡ್ತಿದ್ರು. ಜಟಾಪಾಠದಲ್ಲಿ ಎರಡು ಪದ ನೇರ ಹೇಳಿ, ತಿರುಗಿಸಿ ಹೇಳಿ, ಮತ್ತೆ ನೇರ ಹೇಳ್ಬೇಕು, ಆಮೇಲೆ ಎರಡನೇ ಪದ ಹಿಡ್ಕೊಂಡು ಮೂರನೇದಕ್ಕೆ ಹೋಗೋದು. ಬರೀ ರಾಗದ ಓಟದಲ್ಲಿ ಬರ್ತಿದ್ಯಾ ಅಥವಾ ಪದ ನಿಜವಾಗಿ ಗೊತ್ತಿದ್ಯಾ ಅನ್ನೋದು ತಿರುಗಿಸಿದಾಗ್ಲೇ ತಿಳೀತದೆ. ನಾನು ಸಿಎಚ್‌ಮಾಡ್ (ಫೈಲನ್ನ ಯಾರು ಓದ್ಬಹುದು, ಬರೀಬಹುದು, ರನ್ ಮಾಡ್ಬಹುದು ಅಂತ ಹೇಳೋ ಕಮಾಂಡು) ಕಲಿತದ್ದು ಹಾಗೇ. ಒಂದು ಕಾರ್ಡಲ್ಲಿ "640 ಅಂದ್ರೆ?", ಇನ್ನೊಂದ್ರಲ್ಲಿ "ಓನರಿಗೆ ಓದೋದು ಬರೆಯೋದು, ಗ್ರೂಪಿಗೆ ಓದೋದಷ್ಟೇ, ಉಳಿದವ್ರಿಗೆ ಏನಿಲ್ಲ, ಯಾವ ನಂಬರು?" ಓದೋಕೆ 4, ಬರೆಯೋಕೆ 2, ರನ್ ಮಾಡೋಕೆ 1, ಇಷ್ಟು ಗೊತ್ತಿದ್ರೆ ಎರಡೂ ಕಡೆಯಿಂದ ಬರ್ತದೆ.

ಕರೆಂಟು ಫೋನು ಯಾವ್ದೂ ಬೇಡ ಅಂದ್ರೆ ಕಾಗದದ ಕಾರ್ಡೇ ಮಾಡಿ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲೇ ಡಬ್ಬದ ಕ್ರಮ ಬರೆದಿದ್ದಾರೆ, ಸರಿಯಾದ್ರೆ ಕಾರ್ಡು ಮುಂದಿನ ಡಬ್ಬಕ್ಕೆ, ತಪ್ಪಿದ್ರೆ ವಾಪಸ್ ಮೊದಲ ಡಬ್ಬಕ್ಕೆ. ನಾನು ಮೂರು ಇಟ್ಕೊಂಡಿದ್ದೆ: ದಿನಾ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಒಂದೇ ದಿನ ಕೂತು ಉರು ಹೊಡೆಯೋದಕ್ಕಿಂತ ದಿನ ಬಿಟ್ಟು ಬಿಟ್ಟು ಓದಿದ್ರೆ ಜಾಸ್ತಿ ನಿಲ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ, ಅರ್ಥ ಇಲ್ಲದ ಅಕ್ಷರದ ಪಟ್ಟಿ ತಾನೇ ಬಾಯಿಪಾಠ ಮಾಡಿ ತೋರ್ಸಿದಾರೆ.

ಗುಡ್ಡೆಮನೆ (ಕುಮಟಾ):
ನಾನು ಪೂರ್ತಿ ಒಪ್ಪೋದಿಲ್ಲ. ಕಂಟ್ರೋಲ್ ಆರ್ ಒತ್ತಿದ್ರೆ ಹಳೇ ಕಮಾಂಡ್ ಸಿಗ್ತದೆ, ಮ್ಯಾನ್ ಪೇಜ್ (ಮಷೀನಲ್ಲೇ ಇರೋ ಕಮಾಂಡಿನ ಕೈಪಿಡಿ) ಓದೋಕೆ ನೆಟ್ ಬೇಡ, ಉದ್ದದ್ದಕ್ಕೆ ಏಲಿಯಾಸ್ (ಗಿಡ್ಡ ಹೆಸ್ರು) ಇದೆ. ಇಷ್ಟಿರುವಾಗ ತಲೆಗೆ ಯಾಕೆ ಭಾರ? ವರ್ಷಕ್ಕೊಂದು ಸಲ ಬೇಕಾಗೋದಕ್ಕೆ ಕಾರ್ಡ್ ಮಾಡೋ ಬದ್ಲು ಒಂದು ಟೆಕ್ಸ್ಟ್ ಫೈಲಲ್ಲಿ ಬರೆದಿಡಿ.

ಕಾಳಿದಂಡೆ (ಕಾರವಾರ):
@ಗುಡ್ಡೆಮನೆ ನಿಮ್ಮ ಮಷೀನಲ್ಲಾದ್ರೆ ಹೌದು. ಇವ್ರು ಕೂರೋದು ಕಸ್ಟಮರ್ ಸರ್ವರಲ್ಲಿ, ಅಲ್ಲಿ ಇವ್ರ ಹಿಸ್ಟರಿ ಇಲ್ಲ, ಏಲಿಯಾಸ್ ಇಲ್ಲ, ಎಷ್ಟೋ ಕಂಟೇನರಲ್ಲಿ ಮ್ಯಾನ್ ಪೇಜೂ ಇರೋದಿಲ್ಲ. ವರ್ಷಕ್ಕೊಂದು ಸಲದ್ದು ಫೈಲಿಗೆ ಹೋಗ್ಲಿ ಅನ್ನೋದು ಒಪ್ಪಿದೆ.

ತೋಟದಮನೆ (ಶಿರಸಿ):
ಮೂರು ವಾರ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ಹಳೇ ಡೆಕ್ ಪೂರ್ತಿ ಸಸ್ಪೆಂಡ್. ಹಿಸ್ಟರಿ ನೋಡಿ 38 ಕಾರ್ಡ್ ಮಾಡಿದೆ, ಕಾಗದದ್ದೇ, ಮುಂಭಾಗ ಪರಿಸ್ಥಿತಿ ಕನ್ನಡದಲ್ಲಿ, ಹಿಂದೆ ಕಮಾಂಡು. ರಾತ್ರಿ ಅಡಿಕೆ ಸುಲಿಯುವಾಗ ಕೈ ಮೆಟ್ಟುಗತ್ತಿ ಮೇಲೇ ಇರ್ತದಲ್ಲ, ತಂಗಿ ಪಕ್ಕದಲ್ಲಿ ಕೂತು ಒಂದೊಂದೇ ಓದ್ತಾಳೆ, "ಪೋರ್ಟ್ 8080 ಯಾವ ಪ್ರೋಸೆಸ್ ಹಿಡ್ಕೊಂಡಿದೆ ನೋಡ್ಬೇಕು, ಹೇಳು ಅಣ್ಣ." ಅವ್ಳು ಓದ್ತಿರೋದು ಬಿಎ, ಎಲ್‌ಎಸ್‌ಒಎಫ್ ಮೈನಸ್ ಐ ಅಂತ ಈಗ ನನಗಿಂತ ಮೊದ್ಲು ಅವ್ಳೇ ಹೇಳ್ತಾಳೆ. ಬೆಳಿಗ್ಗೆ ಲಾಗಿನ್ ಆಗಿ ತಪ್ಪಿದ್ದನ್ನೆಲ್ಲ ಟೆಸ್ಟ್ ಮಷೀನಲ್ಲಿ ಒಂದೊಂದು ಸಲ ಹೊಡೀತೇನೆ. ಟಾರ್ ಈಗ ಕೈಗೆ ಬಂದಿದೆ, ಎಲ್‌ಎನ್ ಕೂಡ. ಸಾಫ್ಟು ಮಿಕ್ಸೆಡ್ಡು ಇನ್ನೂ ಅದಲು ಬದಲು ಆಗ್ತದೆ, ಆ ಎರಡು ಕಾರ್ಡು ಮೊದಲ ಡಬ್ಬದಲ್ಲೇ ಇವೆ.